ಎತ್ತರಕ್ಕೆ ಬೆಲೆ, ಬೆವರಿಗೆ ಬಿಲ್ಲೆ

ಸರಕಿನ ಮೇಲೆ ಅಂಟಿಸಿದ ಚೀಟಿಯನ್ನು ಓದುವುದು ವ್ಯಾಪಾರಿಗೆ ಕರಗತ. ಆ ಚೀಟಿಯಲ್ಲಿ ಬರೆಯದೆ ಬಿಟ್ಟದ್ದನ್ನು ಓದುವುದು ಸರಕನ್ನು ತಯಾರಿಸುವ ಕಾರ್ಮಿಕನಿಗೆ ಗೊತ್ತು. ಈ ಎರಡು ಬಗೆಯ ಓದೂ ಬೇಕಾಗುವ ಒಂದು ಸರಕಿನ ವಿಚಾರವನ್ನು ಈ ವಾರ ಎತ್ತಿಕೊಂಡಿದ್ದೇವೆ. ಅದು ದಕ್ಷಿಣ ಅಮೆರಿಕದ ಆರ್ಜೆಂಟೀನಾ ದೇಶದಲ್ಲಿ, ಆಂಡೀಸ್ ಪರ್ವತದ ತಪ್ಪಲಿನ ಮೆಂಡೋಜ ಪ್ರಾಂತದಲ್ಲಿ ತಯಾರಾಗುವ ಕೆಂಪು ವೈನು. ಅದರ ದ್ರಾಕ್ಷಿಯ ಜಾತಿಗೆ ಮಾಲ್ಬೆಕ್ ಎಂದು ಹೆಸರು.

ಈ ವೈನಿನ ದುಬಾರಿ ಬಾಟಲಿಗಳ ಮೇಲೆ ದ್ರಾಕ್ಷಿಯ ಜಾತಿ, ಸುಗ್ಗಿಯ ವರ್ಷ, ಕಣಿವೆಯ ಹೆಸರು ಇರುತ್ತವೆ. ಅನೇಕ ಬಾಟಲಿಗಳ ಮೇಲೆ ತೋಟ ಎಷ್ಟು ಎತ್ತರದಲ್ಲಿದೆ ಎಂಬುದೂ ಮೀಟರ್ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಒಂದರ ಮೇಲೆ 1,200, ಇನ್ನೊಂದರ ಮೇಲೆ 1,450. ಉತ್ತರದ ಸಾಲ್ಟ ಪ್ರಾಂತದ ಕೊಲೊಮೆ ಸಂಸ್ಥೆಯ ಒಂದು ತೋಟವಂತೂ 3,111 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯಕ್ಕೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರಿನ ಆಸುಪಾಸು ಎಂಬುದನ್ನು ನೆನೆದರೆ ಆ ತೋಟದ ಎತ್ತರ ಅಂದಾಜಿಗೆ ಬರುತ್ತದೆ. ಸಂಖ್ಯೆ ದೊಡ್ಡದಾದಂತೆ ಬೆಲೆಯೂ ಮೇಲೇರುತ್ತದೆ. ಸಾಮಾನ್ಯ ವೈನು ನಾಲ್ಕೈದು ಡಾಲರಿಗೆ ಸಿಕ್ಕರೆ, ಎತ್ತರದ ಹೆಸರು ಹೊತ್ತ ವೈನು ಐವತ್ತಕ್ಕೂ ಹೋಗುತ್ತದೆ, ನೂರನ್ನೂ ದಾಟುತ್ತದೆ.

ಕುಡಿತದ ವಿಚಾರ ದುಡಿಯುವವರ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಕುಡಿಯಿರಿ ಎನ್ನಲೂ ನಾವು ಹೊರಟಿಲ್ಲ, ಬಿಡಿ ಎಂದು ಉಪದೇಶಿಸಲೂ ಹೊರಟಿಲ್ಲ. ಬೆಲೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೋಗಿ ಸೇರುತ್ತದೆ ಎಂಬುದು ನಮ್ಮ ಪ್ರಶ್ನೆ. ಬಟ್ಟೆಗೂ ಬೀಡಿಗೂ ಸಕ್ಕರೆಗೂ ಕೇಳುವ ಪ್ರಶ್ನೆಯನ್ನೇ ವೈನಿಗೂ ಕೇಳುತ್ತಿದ್ದೇವೆ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಆ ಬಾಟಲಿಯೊಳಗೆ ಇರುವುದು ಬೆಟ್ಟದ ಎತ್ತರಕ್ಕಿಂತ ಹೆಚ್ಚಾಗಿ ಒಂದು ನಾಡಿನ ನೀರು ಮತ್ತು ಸಾವಿರಾರು ಜನರ ದುಡಿಮೆ. ಚೀಟಿ ಎತ್ತರವನ್ನು ಹೇಳಿ ಈ ಎರಡನ್ನೂ ಮುಚ್ಚಿಡುತ್ತದೆ.

ಎತ್ತರ ಮಾಡುವ ಕೆಲಸ

ಎತ್ತರದ ಮಾತು ಬರೀ ಬೊಗಳೆಯಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ನೂರು ಮೀಟರ್ ಮೇಲಕ್ಕೆ ಹೋದರೆ ಉಷ್ಣಾಂಶ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಮೆಂಡೋಜ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅದರ ದಕ್ಷಿಣಕ್ಕಿರುವ ಊಕೋ ಕಣಿವೆಯ ತೋಟಗಳು 900ರಿಂದ 1,500 ಮೀಟರಿನ ವರೆಗೂ ಹತ್ತಿವೆ. 1,450 ಮೀಟರಿನ ತೋಟ ನಗರಕ್ಕಿಂತ 700 ಮೀಟರ್ ಮೇಲಿದೆ. ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲ: ಅಲ್ಲಿನ ಗಾಳಿ ನಗರದ ಗಾಳಿಗಿಂತ ನಾಲ್ಕು ಡಿಗ್ರಿಯಷ್ಟು ತಂಪು.

ಹಗಲೆಲ್ಲ ಉರಿಬಿಸಿಲು, ರಾತ್ರಿ ಕೊರೆಯುವ ಚಳಿ. ಹಗಲಿನ ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಕೂಡುತ್ತದೆ, ರಾತ್ರಿಯ ಚಳಿಗೆ ಅದರ ಹುಳಿ ಕೆಡದೆ ಉಳಿಯುತ್ತದೆ. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗಿ ಸೂರ್ಯನ ನೇರಳಾತೀತ ಕಿರಣ ಹೆಚ್ಚು ತಾಗುತ್ತದೆ. ಆ ಕಿರಣದಿಂದ ತನ್ನನ್ನು ಕಾಪಾಡಿಕೊಳ್ಳಲು ಹಣ್ಣು ಸಿಪ್ಪೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ಬಣ್ಣ ತುಂಬಿಕೊಳ್ಳುತ್ತದೆ. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಮುಖ್ಯವಾಗಿ ಸಿಪ್ಪೆಯಿಂದ. ಆದ್ದರಿಂದ ಎತ್ತರದ ಮಾಲ್ಬೆಕ್ ಕಪ್ಪಿಗೆ ತಿರುಗುವಷ್ಟು ಗಾಢವಾಗಿರುತ್ತದೆ. ಇಷ್ಟೂ ನಿಜ.

ಆದರೆ ಆಂಡೀಸ್ ಪರ್ವತ ನಿನ್ನೆ ಮೊನ್ನೆ ಎದ್ದು ನಿಂತದ್ದಲ್ಲ. ಎತ್ತರವಿತ್ತು, ಬಿಸಿಲಿತ್ತು, ಚಳಿಯಿತ್ತು; ಒಂದು ಗೊಂಚಲು ದ್ರಾಕ್ಷಿಯೂ ತಾನಾಗಿ ಹುಟ್ಟಲಿಲ್ಲ. ಕಾರಣವೇನೆಂದರೆ ಮೆಂಡೋಜದಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್. ನಮ್ಮ ಚಳ್ಳಕೆರೆಯಂಥ ಬರದ ಸೀಮೆಯಲ್ಲೂ ಅದರ ಎರಡರಷ್ಟಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಬಂದ ಅಷ್ಟಿಷ್ಟು ಮಳೆಯೂ ಬೇಸಗೆಯಲ್ಲಿ ಆಲಿಕಲ್ಲಾಗಿ ಸುರಿದು ಬೆಳೆಯನ್ನು ಬಡಿದು ಹಾಕುವುದುಂಟು. ಉಳ್ಳವರು ಸಾಲುಸಾಲಿಗೂ ಬಲೆ ಹೊದಿಸಿ ಬಳ್ಳಿಯನ್ನು ಉಳಿಸಿಕೊಳ್ಳುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ.

ನೀರು ಯಾರದು?

ಮೆಂಡೋಜವನ್ನು ಬದುಕಿಸಿರುವುದು ಆಂಡೀಸ್ ಪರ್ವತದ ಹಿಮ. ಚಳಿಗಾಲದಲ್ಲಿ ಬಿದ್ದ ಹಿಮ ಬೇಸಗೆಯಲ್ಲಿ ಕರಗಿ ಮೆಂಡೋಜ, ತುನುಯಾನ್, ದಿಯಾಮಂತೆ, ಅತುವೆಲ್ ಎಂಬ ನದಿಗಳಾಗಿ ಇಳಿಯುತ್ತದೆ. ಪ್ರಾಂತದ ನೆಲದಲ್ಲಿ ನೂರಕ್ಕೆ ಐದು ಪಾಲಿಗೂ ಕಡಿಮೆ ಭಾಗ ಮಾತ್ರ ಈ ನೀರಿನಿಂದ ಹಸಿರಾಗಿದೆ. ಬಹುತೇಕ ಎಲ್ಲ ಜನರೂ ಆ ಹಸಿರು ಪಟ್ಟಿಯಲ್ಲೇ ಬದುಕುತ್ತಾರೆ. ಉಳಿದದ್ದು ಮುಳ್ಳುಕಂಟಿಯ ಮರುಭೂಮಿ.

ಈ ನೀರನ್ನು ಕಾಲುವೆಗೆ ತಿರುಗಿಸಿದ ಮೊದಲಿಗರು ಸ್ಪೇನಿನ ದೊರೆಗಳಲ್ಲ. ಹುವಾರ್ಪೆ ಎಂಬ ಅಲ್ಲಿನ ಮೂಲ ಜನ. ಸ್ಪೇನಿನವರು 1561ರಲ್ಲಿ ಮೆಂಡೋಜ ನಗರವನ್ನು ಕಟ್ಟುವ ಹೊತ್ತಿಗೆ ಹುವಾರ್ಪೆಗಳ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಬಂದವರು ಕಾಲುವೆಯನ್ನು ವಶಮಾಡಿಕೊಂಡರು, ಕಾಲುವೆ ತೋಡಿದವರನ್ನು ಬಿಟ್ಟಿ ದುಡಿಮೆಗೆ ಹಚ್ಚಿದರು. ಅಸೆಕಿಯ ಎಂದು ಕರೆಯುವ ಆ ಸಣ್ಣ ಕಾಲುವೆಗಳು ಇಂದಿಗೂ ನಗರದ ಬೀದಿಬೀದಿಯ ಅಂಚಿನಲ್ಲಿ ಹರಿದು ಸಾಲುಮರಗಳಿಗೆ ನೀರುಣಿಸುತ್ತವೆ.

1884ರಲ್ಲಿ ಮೆಂಡೋಜ ಪ್ರಾಂತ ಒಂದು ನೀರಿನ ಕಾಯಿದೆ ಮಾಡಿತು. ದುಡಿಯುವ ಜನ ನೆನಪಿಡಬೇಕಾದ ಕಾಯಿದೆ ಅದು. ನೀರಿನ ಹಕ್ಕು ನೆಲಕ್ಕೆ ಅಂಟಿಕೊಂಡದ್ದು. ನೆಲವನ್ನು ಬಿಟ್ಟು ಬರೀ ನೀರನ್ನು ಮಾರುವಂತಿಲ್ಲ ಎಂಬುದು ಅದರ ತಿರುಳು. ಕಾಲುವೆಯ ನೀರು ಬಳಸುವವರೇ ಸೇರಿ ತಮ್ಮ ಕಾಲುವೆಯ ಮೇಲ್ವಿಚಾರಕನನ್ನು ಚುನಾಯಿಸುತ್ತಾರೆ. ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿ ಇರುವಂತೆ ಅಲ್ಲಿ ತೊಮೇರೊ ಎಂಬವನಿದ್ದಾನೆ. ಸರದಿ ಬಂದವನ ತೋಟಕ್ಕೆ ತೂಬು ತೆರೆಯುವುದು, ಸರದಿ ಮುಗಿದವನದನ್ನು ಮುಚ್ಚುವುದು ಅವನ ಕೆಲಸ. ಈ ಏರ್ಪಾಟಿನಲ್ಲೂ ದೊಡ್ಡವರ ಕೈ ಮೇಲಾಗಿದ್ದುದುಂಟು. ಹಳೆಯ ಜಮೀನುದಾರರಿಗೆ ಪಕ್ಕಾ ಹಕ್ಕು, ತಡವಾಗಿ ಬಂದವರಿಗೆ ನದಿಯಲ್ಲಿ ಹೆಚ್ಚು ನೀರಿದ್ದಾಗ ಮಾತ್ರ ಹಕ್ಕು ಎಂಬ ಭೇದ ಅದರಲ್ಲಿತ್ತು. ಆದರೂ ನೀರು ಅಂಗಡಿಯ ಸರಕಲ್ಲ ಎಂಬ ಒಂದು ಮಾತನ್ನು ಆ ಕಾಯಿದೆ ಕಾಪಾಡಿತು.

ತೋಟ ಕಟ್ಟಿದ ಕೈಗಳು

ಮಾಲ್ಬೆಕ್ ಮೂಲದಲ್ಲಿ ಫ್ರಾನ್ಸಿನ ನೈಋತ್ಯ ಭಾಗದ ಕಾವೋರ್ ಸೀಮೆಯ ದ್ರಾಕ್ಷಿ. ಅದನ್ನು ಮೆಂಡೋಜಕ್ಕೆ ತಂದವನು ಮಿಶೆಲ್ ಪೂಜೆ ಎಂಬ ಫ್ರೆಂಚ್ ಕೃಷಿತಜ್ಞ. ಮುಂದೆ ಆರ್ಜೆಂಟೀನಾದ ಅಧ್ಯಕ್ಷನಾದ ಸಾರ್ಮಿಯೆಂತೊ ಒತ್ತಾಯಪಡಿಸಿದ ಕಾರಣ 1853ರಲ್ಲಿ ಅಲ್ಲೊಂದು ಕೃಷಿಶಾಲೆಗೆ ಮಂಜೂರಾತಿ ದೊರೆಯಿತು, ಪೂಜೆ ತಂದ ಸಸಿಗಳು ಅಲ್ಲಿ ಬೇರೂರಿದವು. ಇಂದು ದುಬಾರಿ ಬಾಟಲಿಗಳ ಜಂಭಕ್ಕೆ ಮೂಲವಾದ ಬಳ್ಳಿ ಒಂದು ಸರಕಾರಿ ಶಾಲೆಯ ಅಂಗಳದಿಂದ ಹಬ್ಬಿತು ಎಂಬುದನ್ನು ಮರೆಯಬಾರದು.

1885ರಲ್ಲಿ ರೈಲು ಮೆಂಡೋಜವನ್ನು ಮುಟ್ಟಿತು. ರಾಜಧಾನಿ ಬ್ಯೂನಸ್ ಐರಿಸ್ಸಿನ ಮಾರುಕಟ್ಟೆ ತೆರೆಯಿತು. ಇಟಲಿಯಿಂದಲೂ ಸ್ಪೇನಿನಿಂದಲೂ ಬಡವರು ಹಡಗು ಹತ್ತಿ ಬಂದು, ಅದೇ ರೈಲು ಹಿಡಿದು ಬೆಟ್ಟದ ಬುಡಕ್ಕೆ ಇಳಿದರು. ನೆಲ ಅವರದಾಗಿರಲಿಲ್ಲ. ಜಮೀನುದಾರನ ಬೀಳುಭೂಮಿಯನ್ನು ಕಡಿದು, ಕಲ್ಲು ಆಯ್ದು, ಕಾಲುವೆ ಎಳೆದು, ಬಳ್ಳಿ ನೆಟ್ಟು ತೋಟ ಮಾಡಿಕೊಡುವ ಕರಾರಿಗೆ ಅವರು ದುಡಿದರು. ಇವರಿಗೆ ಕಾಂತ್ರಾತಿಸ್ತ ಎಂದು ಹೆಸರು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ವರ್ಷಪೂರ್ತಿ ತೋಟದಲ್ಲೇ ಇದ್ದು ಬಳ್ಳಿ ನೋಡಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಹೆಕ್ಟೇರಿಗೆ ಇಂತಿಷ್ಟು ಹಣ, ಜೊತೆಗೆ ಬೆಳೆಯಲ್ಲಿ ಒಂದು ಪಾಲು. ಹೀಗೆ ದುಡಿದು ಕೂಡಿಸಿದವರಲ್ಲಿ ಕೆಲವರು ಮುಂದೆ ಸ್ವಂತ ತೋಟದವರಾದರು. ಹೆಚ್ಚಿನವರು ಮುದುಕರಾದರು.

ಈ ಕಾಂತ್ರಾತಿಸ್ತನ ಹಕ್ಕುಗಳನ್ನು ಬರೆದಿಟ್ಟ ರಾಷ್ಟ್ರೀಯ ಕಾಯಿದೆ ಬಂದದ್ದು 1973ರಲ್ಲಿ. ಬೆಳೆಯಲ್ಲಿ ಅವನ ಪಾಲು ನೂರಕ್ಕೆ 15ರಿಂದ 19 ಎಂದು ಅದು ಗೊತ್ತುಮಾಡಿತು. 1976ರಲ್ಲಿ ಸೇನೆ ಅಧಿಕಾರ ಹಿಡಿಯಿತು. 1980ರಲ್ಲಿ ಆ ಕಾಯಿದೆಯನ್ನು ಕಿತ್ತುಹಾಕಿತು. 1983ರಲ್ಲಿ ಪ್ರಜಾಪ್ರಭುತ್ವ ಮರಳಿತು, 1984ರಲ್ಲಿ ಕಾಯಿದೆಯೂ ಮರಳಿತು. ಮತಪೆಟ್ಟಿಗೆಗೂ ಕೂಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಈ ಮೂರು ಇಸವಿಗಳೇ ಉತ್ತರ.

ಸುಗ್ಗಿಯ ಕಾಲದಲ್ಲಿ, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ತೋಟದ ಮನೆಯವರಷ್ಟೇ ಸಾಲರು. ಆರ್ಜೆಂಟೀನಾದ ಉತ್ತರ ಪ್ರಾಂತಗಳಿಂದಲೂ ನೆರೆಯ ಬೊಲಿವಿಯಾ ದೇಶದಿಂದಲೂ ಕೂಲಿಕಾರರ ತಂಡಗಳು ಬರುತ್ತವೆ. ನಮ್ಮಲ್ಲಿ ಮೇಸ್ತ್ರಿ ಇರುವಂತೆ ಅವರ ತಂಡಕ್ಕೂ ಒಬ್ಬ ಮುಂದಾಳು. ತಾಚೊ ಎಂಬ ಡಬ್ಬದಲ್ಲಿ ಸುಮಾರು 20 ಕಿಲೊ ದ್ರಾಕ್ಷಿ ಹಿಡಿಯುತ್ತದೆ. ಅದನ್ನು ತುಂಬಿ, ಹೆಗಲಿಗೇರಿಸಿ, ಸಾಲಿನ ಕೊನೆಯ ಲಾರಿಯವರೆಗೆ ಓಡಿ, ಏಣಿ ಹತ್ತಿ ಸುರಿದರೆ ಕೈಗೊಂದು ಬಿಲ್ಲೆ. ದಿನದ ಕೊನೆಗೆ, ಇಲ್ಲವೆ ವಾರದ ಕೊನೆಗೆ, ಎಷ್ಟು ಬಿಲ್ಲೆಯೋ ಅಷ್ಟು ಕೂಲಿ. ಗಿರಣಿಯಲ್ಲಿ ಪೀಸ್‌ರೇಟಿನ ಮೇಲೆ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲೆಯ ಕೂಲಿಯಲ್ಲಿ ಯಾರೂ ನಡೆಯುವುದಿಲ್ಲ, ಎಲ್ಲರೂ ಓಡುತ್ತಾರೆ.

ಈಗ ಲೆಕ್ಕ ಹಾಕೋಣ. ಮುಕ್ಕಾಲು ಲೀಟರಿನ ಒಂದು ಬಾಟಲಿಗೆ ಒಂದೂಕಾಲು ಕಿಲೊ ದ್ರಾಕ್ಷಿ ಎಂದು ಧಾರಾಳವಾಗಿಯೇ ಇಟ್ಟುಕೊಂಡರೂ, 20 ಕಿಲೊದ ಒಂದು ತಾಚೊದಿಂದ 16 ಬಾಟಲಿ. ಬಾಟಲಿಗೆ 50 ಡಾಲರಿನಂತೆ ಅಂಗಡಿಯಲ್ಲಿ 800 ಡಾಲರ್. ಅತ್ಯಂತ ದುಬಾರಿ ತೋಟಗಳಲ್ಲಿ ಹಣ್ಣು ಜಜ್ಜದಿರಲೆಂದು ಸಣ್ಣ ಪೆಟ್ಟಿಗೆಗಳಲ್ಲಿ ನಿಧಾನವಾಗಿ ಕೊಯ್ಯಿಸುತ್ತಾರೆ, ದಿನಗೂಲಿ ಕೊಡುವುದೂ ಉಂಟು ಎಂಬುದನ್ನು ನಾವು ಬಲ್ಲೆವು. ಹೇಗೆ ಕೊಟ್ಟರೂ 16 ಬಾಟಲಿಯಷ್ಟು ಹಣ್ಣು ಕೊಯ್ದವನ ಕೈಗೆ ಬರುವುದು ಆ 16ರಲ್ಲಿ ಒಂದು ಬಾಟಲಿಯ ಬೆಲೆಯ ಹತ್ತಿರಕ್ಕೂ ಹೋಗುವುದಿಲ್ಲ.

ಉಳಿದ ಹಣ ಎಲ್ಲಿ ಹೋಯಿತು? ವ್ಯಾಪಾರಿ ಬಂಧುಗಳು ನ್ಯಾಯವಾಗಿಯೇ ಕೇಳುತ್ತಾರೆ: ಖರ್ಚಿಲ್ಲವೆ? ಉಂಟು. ಫ್ರಾನ್ಸಿನ ಓಕ್ ಮರದ ಹೊಸ ಪೀಪಾಯಿಗೆ ಸುಮಾರು ಸಾವಿರ ಡಾಲರ್. ಅದರಲ್ಲಿ 225 ಲೀಟರ್, ಅಂದರೆ 300 ಬಾಟಲಿಯ ವೈನು ಹಿಡಿಯುತ್ತದೆ. ಬಾಟಲಿಗೆ ಮೂರು ಡಾಲರ್ ಚಿಲ್ಲರೆ ಆಯಿತು. ಗಾಜು, ಬಿರಡೆ, ಚೀಟಿ, ಹಡಗಿನ ಬಾಡಿಗೆ, ಸುಂಕ, ಆಮದುದಾರ, ಸಗಟುದಾರ, ಚಿಲ್ಲರೆ ಅಂಗಡಿ, ಎಲ್ಲಕ್ಕೂ ಒಂದೊಂದು ಪಾಲು. ಇಷ್ಟನ್ನೂ ಕಳೆದು ನೋಡಿದರೆ ಕೊನೆಗೆ ಒಂದು ದೊಡ್ಡ ಗಂಟು ಉಳಿಯುತ್ತದೆ. ಅದು ಹೆಸರಿನ ಬೆಲೆ, ಮೀಟರುಗಳ ಬೆಲೆ. ಆ ಗಂಟಿನಲ್ಲಿ ಡಬ್ಬ ಹೊತ್ತವನಿಗೆ ಪಾಲಿಲ್ಲ. ಕೆಳಗಿನ ಬಯಲಿನ ಸಣ್ಣ ತೋಟದವನಿಗೂ ಪಾಲಿಲ್ಲ.

ಜನರ ಕೈಯಲ್ಲಿದ್ದ ಒಂದು ತಕ್ಕಡಿ

ಆ ಸಣ್ಣ ತೋಟದವನ ಕಥೆಯನ್ನೂ ಕೇಳಬೇಕು. ಆರ್ಜೆಂಟೀನಾದ ದ್ರಾಕ್ಷಿತೋಟಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 5 ಹೆಕ್ಟೇರಿಗೂ, ಅಂದರೆ ಹನ್ನೆರಡೂವರೆ ಎಕರೆಗೂ ಕಡಿಮೆ. ಇವರಲ್ಲಿ ಹೆಚ್ಚಿನವರಿಗೆ ಸ್ವಂತ ವೈನ್ ಕಾರಖಾನೆ ಇಲ್ಲ. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಅಂದೇ ಕಾರಖಾನೆಗೆ ಹಾಕಬೇಕು, ಅವರು ಹೇಳಿದ ಬೆಲೆಗೆ ಹಾಕಬೇಕು. ಹಣವೋ, ತಿಂಗಳ ಮೇಲೆ ತಿಂಗಳು ಕಂತಿನಲ್ಲಿ. ಹಣದುಬ್ಬರ ಏರಿದ ಕಾಲದಲ್ಲಿ ಕೊನೆಯ ಕಂತು ಬರುವ ಹೊತ್ತಿಗೆ ಮೊದಲು ಮಾತಾಡಿದ ಬೆಲೆಯಲ್ಲಿ ಹುರುಳೇ ಉಳಿದಿರುವುದಿಲ್ಲ. ಉದ್ರಿ ಕೊಟ್ಟು ಕೈಸುಟ್ಟುಕೊಂಡ ಸಣ್ಣ ಅಂಗಡಿಯವರಿಗೆ ಈ ಸಂಕಟ ಹೊಸದಲ್ಲ.

1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ವೈನಿನ ಬೆಲೆ ನೆಲಕಚ್ಚಿತು. ಆಗ ಸರಕಾರ 1934ರಲ್ಲಿ ವೈನ್ ನಿಯಂತ್ರಣ ಮಂಡಲಿಯೊಂದನ್ನು ನೇಮಿಸಿತು. ಆ ಮಂಡಲಿ ಬೆಲೆ ಏರಿಸಲು ಕಂಡುಕೊಂಡ ಉಪಾಯವೇನು? ಬಳ್ಳಿಗಳನ್ನು ಬುಡಸಹಿತ ಕೀಳಿಸುವುದು, ತಯಾರಾದ ವೈನನ್ನು ಕಾಲುವೆಗೆ ಸುರಿಸುವುದು. ಹಿಮ ಕರಗಿದ ನೀರು ಹರಿಯಬೇಕಾದ ಅಸೆಕಿಯಗಳಲ್ಲಿ ಬಡವರ ದುಡಿಮೆ ಕೆಂಪಾಗಿ ಹರಿಯಿತು. ದೇಶದಲ್ಲಿ ಅದು ಬೇಕಾದವರು ಇಲ್ಲದಿರಲಿಲ್ಲ. ಕೊಳ್ಳಲು ಅವರ ಜೇಬಿನಲ್ಲಿ ಕಾಸಿರಲಿಲ್ಲ. ವಿಚಿತ್ರವೆಂದರೆ ಸುಗ್ಗಿಯ ರಾಷ್ಟ್ರೀಯ ಹಬ್ಬ ಶುರುವಾದದ್ದೂ ಆ ದಿನಗಳಲ್ಲೇ, 1936ರಲ್ಲಿ.

ಇನ್ನೊಂದು ದಾರಿಯೂ ಇತ್ತು. ಇಬ್ಬರು ವಲಸಿಗರು 1896ರಲ್ಲಿ ಸ್ಥಾಪಿಸಿದ್ದ ಜಿಯೋಲ್ ಎಂಬ ಭಾರಿ ವೈನ್ ಕಾರಖಾನೆಯನ್ನು 1954ರಲ್ಲಿ ಮೆಂಡೋಜ ಪ್ರಾಂತ ಸರಕಾರ ತನ್ನ ಕೈಗೆ ತೆಗೆದುಕೊಂಡಿತು. ಸಣ್ಣ ತೋಟದವರ ದ್ರಾಕ್ಷಿ ಕೊಂಡು, ಮಾರುಕಟ್ಟೆಯಲ್ಲಿ ಬೆಲೆ ಕುಸಿಯದಂತೆ ತಡೆಯುವುದು ಅದರ ಕೆಲಸವಾಯಿತು. ಖಾಸಗಿ ಕಾರಖಾನೆಯವನು ತೀರಾ ಕಡಿಮೆ ಕೇಳಿದರೆ ರೈತ ಗಾಡಿಯನ್ನು ಜಿಯೋಲ್ ಕಡೆ ತಿರುಗಿಸಬಹುದಿತ್ತು. ಜನರ ಕೈಯಲ್ಲಿ ಒಂದು ತಕ್ಕಡಿ ಇದ್ದಂತಾಯಿತು. ಅದರಲ್ಲಿ ದುಂದು, ಸಾಲ, ರಾಜಕೀಯ ನೇಮಕಾತಿ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ತಕ್ಕಡಿಯಲ್ಲಿ ದೋಷವಿದ್ದರೆ ಸರಿಪಡಿಸಬೇಕು. ತಕ್ಕಡಿಯನ್ನೇ ಕೆಳಗಿಳಿಸಿಬಿಟ್ಟರೆ ತೂಗುವವರು ಯಾರು?

ಇಳಿಸಿಯೇಬಿಟ್ಟರು. ಸೇನಾಡಳಿತದ ಕಾಲದಲ್ಲಿ ಗ್ರೆಕೊ ಎಂಬ ಉದ್ಯಮ ಸಮೂಹ ಒಂದಾದ ಮೇಲೊಂದು ವೈನ್ ಕಾರಖಾನೆಗಳನ್ನು ನುಂಗುತ್ತ ಬೆಳೆದು 1980ರಲ್ಲಿ ಕುಸಿದುಬಿತ್ತು. ಅದರ ಕೆಳಗೆ ಸಾವಿರಾರು ಬೆಳೆಗಾರರ ಬಾಕಿಯೂ ಸಿಕ್ಕಿಕೊಂಡಿತು. ಕುಡಿಯುವ ಅಭ್ಯಾಸವೂ ಬದಲಾಯಿತು. 1970ರ ಸುಮಾರಿಗೆ ಆರ್ಜೆಂಟೀನಾದಲ್ಲಿ ತಲಾ 90 ಲೀಟರ್ ವೈನು ಖರ್ಚಾಗುತ್ತಿತ್ತು. ಕಾರ್ಮಿಕ ಮಧ್ಯಾಹ್ನದ ಊಟಕ್ಕೆ ಸೋಡಾ ಬೆರೆಸಿ ಕುಡಿಯುತ್ತಿದ್ದ ಅಗ್ಗದ ವೈನು ಅದು. ಈಗ ತಲಾ 20 ಲೀಟರಿಗೂ ಕಡಿಮೆ. ಬೇಡಿಕೆ ಇಳಿದಂತೆ ಬಳ್ಳಿಗಳನ್ನು ಮತ್ತೆ ಕಿತ್ತರು. 1960ರ ದಶಕದ ಮೊದಲಲ್ಲಿ 50 ಸಾವಿರ ಹೆಕ್ಟೇರಿಗೂ ಮೇಲಿದ್ದ ಮಾಲ್ಬೆಕ್ 1990ರ ದಶಕದ ಹೊತ್ತಿಗೆ ಸುಮಾರು 10 ಸಾವಿರಕ್ಕೆ ಇಳಿಯಿತು. ಇಂದು ದೇಶದ ಹೆಮ್ಮೆ ಎನ್ನುವ ಬಳ್ಳಿಯನ್ನು ಅಂದು ಸೌದೆ ಮಾಡಿದರು.

1980ರ ದಶಕ ಮುಗಿಯುವ ವೇಳೆಗೆ ಜಿಯೋಲ್ ಕೂಡ ಸರಕಾರದ ಕೈಬಿಟ್ಟಿತು. ಒಂದೇ ಸಮಾಧಾನವೆಂದರೆ ಅದರ ವೈನ್ ವ್ಯಾಪಾರ ಸೇರಿದ್ದು ಫೆಕೊವಿತ ಎಂಬ ಸಹಕಾರ ಸಂಘಗಳ ಒಕ್ಕೂಟಕ್ಕೆ. ಇಪ್ಪತ್ತಕ್ಕೂ ಹೆಚ್ಚು ಸಹಕಾರ ಸಂಘಗಳು, ಸಾವಿರಾರು ಸಣ್ಣ ಬೆಳೆಗಾರರು ಅದರಲ್ಲಿದ್ದಾರೆ. ತೋರೊ ಎಂಬ ಅದರ ಅಗ್ಗದ ವೈನು ಆ ದೇಶದ ಸಾಮಾನ್ಯರ ಮನೆಮಾತು. ಸಹಕಾರದಲ್ಲೂ ಜಗಳವುಂಟು, ಕೋರ್ಟು ಕಚೇರಿಯುಂಟು. ಆದರೂ ಎತ್ತರದ ಹೆಸರಿಲ್ಲದ, ಬಯಲಿನ ಸಣ್ಣ ತೋಟದವನು ಇಂದಿಗೂ ಉಳಿದಿದ್ದರೆ ಅದಕ್ಕೆ ಇಂಥ ಸಂಘಗಳ ಆಸರೆ ದೊಡ್ಡ ಕಾರಣ.

ಬಂಡವಾಳ ಬೆಟ್ಟ ಹತ್ತಿದ ಬಗೆ

1990ರ ದಶಕದಲ್ಲಿ ಕಥೆ ಬೆಟ್ಟ ಹತ್ತಿತು. ಇಟಲಿಯಿಂದ ಬಂದ ವಲಸಿಗನ ಮೊಮ್ಮಗ, ಅರ್ಥಶಾಸ್ತ್ರ ಓದಿದ ನಿಕೊಲಾಸ್ ಕತೇನ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದುಬಾರಿ ವೈನಿನ ವ್ಯಾಪಾರವನ್ನು ಕಂಡು ಬಂದರು. 1992ರಲ್ಲಿ ಊಕೋ ಕಣಿವೆಯ ಗುವಲ್ತಯಾರಿ ಎಂಬಲ್ಲಿ, 1,450 ಮೀಟರಿಗೆ ಸಮೀಪದಲ್ಲಿ ತೋಟ ಮಾಡಿಸಿದರು. ಅಷ್ಟು ಚಳಿಯಲ್ಲಿ ಹಣ್ಣು ಮಾಗಲಾರದು ಎಂಬ ಹಳಬರ ಮಾತು ಸುಳ್ಳಾಯಿತು. ಆ ಸಾಹಸವನ್ನು ನಾವು ಅಲ್ಲಗಳೆಯುವುದಿಲ್ಲ. ಹಿಂದೆಯೇ ವಿದೇಶಿ ಬಂಡವಾಳ ಬಂತು. ಬೊರ್ದೋ ಸೀಮೆಯ ವೈನ್ ತಜ್ಞ ಮಿಶೆಲ್ ರೋಲಾಂ 1990ರ ದಶಕದ ಕೊನೆಯಲ್ಲಿ ಫ್ರೆಂಚ್ ಪಾಲುದಾರರನ್ನು ಕೂಡಿಸಿಕೊಂಡು ವಿಸ್ತ ಫ್ಲೋರೆಸ್ ಎಂಬಲ್ಲಿ ಸುಮಾರು 850 ಹೆಕ್ಟೇರ್ ನೆಲ ಹಿಡಿದರು. ನಮ್ಮ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೂ ಅದೇ ದಶಕದಲ್ಲಿ ಸಲಹೆಗಾರರಾಗಿ ಬಂದವರು ಇದೇ ರೋಲಾಂ. ಬಂಡವಾಳಕ್ಕೆ ಬೆಟ್ಟಗಳ ನಡುವಿನ ದೂರ ಲೆಕ್ಕಕ್ಕಿಲ್ಲ.

2002ರ ಜನವರಿಯಲ್ಲಿ ಆರ್ಜೆಂಟೀನಾ ತನ್ನ ಪೆಸೊ ನಾಣ್ಯದ ಬೆಲೆ ಇಳಿಸಿತು. ಅಲ್ಲಿಯವರೆಗೆ ಒಂದು ಪೆಸೊಗೆ ಒಂದು ಡಾಲರ್ ಇತ್ತು. ಕೆಲವೇ ತಿಂಗಳಲ್ಲಿ ಒಂದು ಡಾಲರಿಗೆ ಮೂರು ಪೆಸೊ ದಾಟಿತು. ವೈನು ಮಾರುವುದು ಡಾಲರಿನಲ್ಲಿ, ಕೂಲಿ ಕೊಡುವುದು ಪೆಸೊದಲ್ಲಿ. ಮಾಲೀಕನ ಕೂಲಿಯ ಖರ್ಚು ರಾತ್ರೋರಾತ್ರಿ ಮೂರನೇ ಒಂದಕ್ಕೆ ಇಳಿಯಿತು. ಲೋಕವೆಲ್ಲ ಹೊಗಳುವ ಮಾಲ್ಬೆಕ್ ರಫ್ತಿನ ದಿಗ್ವಿಜಯಕ್ಕೆ ಬೆಟ್ಟದ ಗಾಳಿ ಎಷ್ಟು ಕಾರಣವೋ, ಕೂಲಿಕಾರನ ಅಗ್ಗವಾದ ಬೆವರೂ ಅಷ್ಟೇ ಕಾರಣ.

ನೀರಿನ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಹಳೆಯ ಕಾಲುವೆಗಳು ಬಯಲಿಗಾಗಿ ತೋಡಿದವು. ನೀರು ಬೆಟ್ಟ ಹತ್ತಲಾರದು. ಹಾಗಾದರೆ ಎತ್ತರದ ಇಳಿಜಾರಿನಲ್ಲಿ ತೋಟ ಹೇಗಾಯಿತು? ಆಳದ ಕೊಳವೆ ಬಾವಿಯಿಂದ ಮತ್ತು ಹನಿ ನೀರಾವರಿಯಿಂದ. ಹನಿ ನೀರಾವರಿ ನೀರು ಉಳಿಸುವ ವಿದ್ಯೆ ನಿಜ. ಆದರೆ ಆ ವಿದ್ಯೆಯ ಬಲದಿಂದಲೇ ನಿನ್ನೆಯವರೆಗೆ ಬರಡಾಗಿದ್ದ ನೂರಾರು ಹೆಕ್ಟೇರ್ ಇಳಿಜಾರು ಹೊಸದಾಗಿ ನೀರು ಕೇಳತೊಡಗಿತು. ಮೇಲಿನ ಕಲ್ಲುನೆಲದಲ್ಲಿ ಇಂಗಿದ ನೀರೇ ಕೆಳಗೆ ಒರತೆಯಾಗಿ, ಹಳ್ಳವಾಗಿ ಹೊರಬರುತ್ತದೆ. ಮೇಲಿನವನ ಬಾವಿಯೂ ಕೆಳಗಿನವನ ಒರತೆಯೂ ಒಂದೇ ನೀರು. ಕಾಲುವೆಯಲ್ಲಿ ಸರದಿಯುಂಟು, ಚುನಾಯಿತ ಮೇಲ್ವಿಚಾರಕನುಂಟು, ತೊಮೇರೊ ಉಂಟು. ಬಾವಿಗೆ 1974ರಲ್ಲಿ ಮಾಡಿದ ಕಾಯಿದೆಯುಂಟು, ಪರವಾನಗಿಯುಂಟು. ಆದರೆ ಎಷ್ಟು ಆಳಕ್ಕೆ ಇಳಿಯುವುದು ಎಂಬುದನ್ನು ತೀರ್ಮಾನಿಸುವುದು ಕೊನೆಗೆ ಹಣದ ಚೀಲ. 2010ರಿಂದ ಈಚೆಗೆ ಆಂಡೀಸ್ ಪರ್ವತದಲ್ಲಿ ಹಿಮ ಬೀಳುವುದು ಕಡಿಮೆಯಾಗಿ ಮೆಂಡೋಜ ದೀರ್ಘ ಬರವನ್ನು ಕಂಡಿದೆ. ಹಿಮ ಕಡಿಮೆಯಾದಾಗ ಸರದಿಯವನ ತೂಬಿನಲ್ಲಿ ನೀರು ಮೊದಲು ಇಳಿಯುತ್ತದೆ, ಆಳದ ಬಾವಿಯವನ ಪಂಪಿನಲ್ಲಿ ಕೊನೆಗೆ.

ಬೀದಿಗಿಳಿದ ಜನ ಕಲಿಸಿದ್ದು

ಇಷ್ಟೆಲ್ಲ ಹೇಳಿ ನಿರಾಶೆಯ ಮಾತಾಡಲು ನಾವು ಬಂದಿಲ್ಲ. ಮೆಂಡೋಜದ ಜನ 2007ರಲ್ಲಿ ಹೋರಾಡಿ ಒಂದು ಕಾಯಿದೆ ಮಾಡಿಸಿಕೊಂಡಿದ್ದರು. ಗಣಿಗಾರಿಕೆಯಲ್ಲಿ ಸಯನೈಡ್, ಪಾದರಸ, ಗಂಧಕಾಮ್ಲದಂಥ ವಿಷಗಳ ಬಳಕೆಯನ್ನು ಅದು ನಿಷೇಧಿಸಿತ್ತು. 7722 ಎಂಬ ಅದರ ಸಂಖ್ಯೆ ಅಲ್ಲಿ ಮಕ್ಕಳಿಗೂ ಬಾಯಿಪಾಠ. 2019ರ ಡಿಸೆಂಬರ್ 20ರಂದು ಪ್ರಾಂತದ ಶಾಸನಸಭೆ ಆ ಕಾಯಿದೆಯ ಹಲ್ಲು ಕಿತ್ತಿತು. ಆಳುವ ಪಕ್ಷವೂ ದೊಡ್ಡ ವಿರೋಧ ಪಕ್ಷವೂ ಕೂಡಿಯೇ ಕಿತ್ತವು. ಆಗ ಊಕೋ ಕಣಿವೆಯ ಸಾನ್ ಕಾರ್ಲೋಸ್ ಊರಿನಿಂದ ಜನ ನೂರು ಕಿಲೊಮೀಟರ್ ದೂರದ ರಾಜಧಾನಿಗೆ ಕಾಲ್ನಡಿಗೆಯಲ್ಲಿ ಹೊರಟರು. ದಾರಿಯುದ್ದಕ್ಕೂ ಊರೂರಿನವರು ಕೂಡಿಕೊಂಡರು. ಕೂಲಿಕಾರರು, ಉಪಾಧ್ಯಾಯರು, ಸಣ್ಣ ತೋಟದವರು, ಅಂಗಡಿಯವರು ಒಟ್ಟಿಗೆ ನಡೆದರು. ಮೆಂಡೋಜದ ನೀರು ಚೌಕಾಸಿಗಿಲ್ಲ ಎಂಬುದು ಅವರ ಘೋಷಣೆ. ಪೊಲೀಸರು ಅಶ್ರುವಾಯು ಹಾರಿಸಿದರು, ಜನ ಹಿಂದೆ ಸರಿಯಲಿಲ್ಲ. ಡಿಸೆಂಬರ್ 30ರಂದು ಅದೇ ಶಾಸನಸಭೆ ತಾನು ಮಾಡಿದ್ದನ್ನು ತಾನೇ ರದ್ದುಪಡಿಸಿ ಹಳೆಯ ಕಾಯಿದೆಯನ್ನು ಮರಳಿ ತಂದಿತು. ಹತ್ತು ದಿನಗಳ ಕೆಲಸ.

ಆ ಮೆರವಣಿಗೆಯಲ್ಲಿ ನಡೆದವರಲ್ಲಿ ಐವತ್ತು ಡಾಲರಿನ ಬಾಟಲಿ ತೆರೆದವರು ಎಷ್ಟು ಜನರಿದ್ದಾರು! ಆದರೆ ಆ ಬಾಟಲಿಯನ್ನು ಕಾಪಾಡಿದವರು ಅವರೇ. ಅವರು ನೀರನ್ನು ಉಳಿಸದೆ ಹೋಗಿದ್ದರೆ ಎತ್ತರದ ತೋಟವೂ ಇಲ್ಲ, ಬಯಲಿನ ತೋಟವೂ ಇಲ್ಲ. ಚೀಟಿಯ ಮೇಲೆ ಅವರ ನಡಿಗೆಯ ನೂರು ಕಿಲೊಮೀಟರ್ ಅಚ್ಚಾಗುವುದಿಲ್ಲ, ಬೆಟ್ಟದ ಮೀಟರುಗಳು ಮಾತ್ರ ಅಚ್ಚಾಗುತ್ತವೆ.

ನಾವು ಹೇಳುವುದು ಇಷ್ಟು. ಒಳ್ಳೆಯ ಸರಕನ್ನು ಒಳ್ಳೆಯ ಬೆಲೆಗೆ ಮಾರುವುದು ತಪ್ಪಲ್ಲ. ಮೆಂಡೋಜದ ದುಡಿಯುವ ಜನ ಜಗತ್ತಿನ ಅತ್ಯುತ್ತಮ ಕೆಂಪು ವೈನುಗಳಲ್ಲೊಂದನ್ನು ಮಾಡಿದ್ದಾರೆ. ಅದಕ್ಕೆ ಹೆಚ್ಚಿನ ಬೆಲೆ ಬಂದರೆ ನಮಗೆ ಸಂತೋಷವೇ. ಆದರೆ ಆ ಬೆಲೆ ಬೆಟ್ಟದಿಂದ ಕೆಳಗಿಳಿದು ಬರಬೇಕು, ಹಿಮ ಕರಗಿ ಇಳಿಯುವ ಹಾಗೆ. ಡಬ್ಬ ಹೊತ್ತವನಿಗೆ ಬಿಲ್ಲೆಯ ಲೆಕ್ಕ ಏನೇ ಇರಲಿ, ದಿನಕ್ಕೊಂದು ಖಾತ್ರಿಯಾದ ಕನಿಷ್ಠ ಕೂಲಿ ಇರಬೇಕು. ದ್ರಾಕ್ಷಿ ಹಾಕಿದ ಸಣ್ಣ ಬೆಳೆಗಾರನಿಗೆ ಸುಗ್ಗಿಗೆ ಮೊದಲೇ ಬೆಲೆ ಗೊತ್ತಾಗಬೇಕು, ಹಣ ಕಂತಿನಲ್ಲಿ ಕರಗಬಾರದು. ಸಹಕಾರ ಸಂಘಗಳ ಕೈಯಲ್ಲಿ ಬಲವಾದ ತಕ್ಕಡಿ ಇರಬೇಕು. ಕಾಲುವೆಯ ನೀರಿಗೆ ಇರುವ ಸರದಿಯ ನ್ಯಾಯ ಬಾವಿಯ ನೀರಿಗೂ ಬರಬೇಕು.

ಗಿರಣಿಯ ಅಣ್ಣತಮ್ಮಂದಿರೇ, ಅಂಗಡಿ ಬೀದಿಯ ಬಂಧುಗಳೇ, ಸುಮಾರು ಹತ್ತು ಸಾವಿರ ಮೈಲಿಯಾಚೆಯ ತೋಟದ ಸಮಾಚಾರ ನಮಗೆ ಹೊಸತೆನಿಸದಿದ್ದರೆ ಅದಕ್ಕೆ ಕಾರಣವುಂಟು. ನಮ್ಮಲ್ಲಿ ಒಬ್ಬರು ಬಿಲ್ಲೆಯ ಕಡೆಯಿಂದ ಬೆಲೆಯನ್ನು ಬಲ್ಲವರು, ಇನ್ನೊಬ್ಬರು ಚೀಟಿಯ ಕಡೆಯಿಂದ ಬಲ್ಲವರು. ಬೇರೆ ಬೇರೆಯಾಗಿ ನಿಂತಾಗ ಕೂಲಿ ಹೆಚ್ಚಿದ್ದರಿಂದ ಬೆಲೆ ಹೆಚ್ಚಿತು ಎಂದು ಒಬ್ಬರಿಗೂ, ಅಂಗಡಿಯವನ ಲಾಭದಿಂದ ಬೆಲೆ ಹೆಚ್ಚಿತು ಎಂದು ಇನ್ನೊಬ್ಬರಿಗೂ ಹೇಳಿ ನಂಬಿಸುವುದು ಸುಲಭ. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದ ದಿನ, ನಡುವಿನ ಆ ದೊಡ್ಡ ಗಂಟು ಯಾರ ಮನೆಗೆ ಹೋಯಿತೆಂಬುದು ಹೊರಬೀಳುತ್ತದೆ. ಮೆಂಡೋಜದ ಕೂಲಿಕಾರನೂ ಅಂಗಡಿಯವನೂ 2019ರ ಡಿಸೆಂಬರಿನಲ್ಲಿ ಒಂದೇ ಹೆದ್ದಾರಿಯಲ್ಲಿ ಜೊತೆಗೂಡಿ ನಡೆದರು. ನೀರು ಉಳಿಯಿತು. ಇನ್ನು ಬೆಲೆಯ ಪಾಲನ್ನು ಕೇಳುವ ಕೆಲಸ ಬಾಕಿ ಇದೆ. ಅದು ಅಲ್ಲಿಯ ಕೆಲಸ ಮಾತ್ರವಲ್ಲ.